ಅಣ್ಣನ ಸಿಟ್ಟು, ಅಣ್ಣನ ನಿದ್ದಿ

ನಮ್ಮಣ್ಣ ಸೇಡಂ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಾನೆ. ಮೂರು ಪಾಳಿ, ವಾರಕ್ಕೊಮ್ಮೆ ಬದಲು.

ಹೋದ ಮೇ ತಿಂಗಳು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಪರಸಿ ಕಲ್ಲು ಹಾಸಿದ ಮಾಳಿಗೆ ಹತ್ತು ಗಂಟೆಗೇ ಕಾದ ಹೆಂಚಾಗಿತ್ತು. ಕಿಟಕಿಗೆ ಕಟ್ಟಿದ್ದ ಹಸಿ ಗೋಣಿಚೀಲ ಒಣಗಿ ಕಟಕಟ ಅನ್ನುತ್ತಿತ್ತು. ಮಗಳ ಕೈಯಿಂದ ತಾಟು ಬಿತ್ತು. ಎದ್ದು ಬಂದವನೇ ಕೈ ಎತ್ತಿದ. ಹೊಡೆಯಲಿಲ್ಲ, ಅಲ್ಲೇ ಕುಸಿದು ಕೂತು ಅತ್ತ. ಅಣ್ಣ ಅತ್ತಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

‘ಯಾರ್ದೋ ಕಣ್ಣ ಬಿದ್ದದ’ ಅಂದಳು ಅವ್ವ. ‘ಮನಸ್ಸು ಗಟ್ಟಿ ಮಾಡ್ಕೋ’ ಅಂದೆವು ನಾವೆಲ್ಲ. ಕಲಬುರಗಿಯ ಮನೋವೈದ್ಯರು ಮಾತ್ರ ಮೊದಲು ಕೇಳಿದ್ದು, ‘ದಿನಾ ಎಷ್ಟಕ್ಕ ಮಲಗ್ತೀರಿ, ಎಷ್ಟಕ್ಕ ಏಳ್ತೀರಿ?’ ಮನೆಯವರಾದ ನಾವು ಆರು ತಿಂಗಳಿಂದ ಇದನ್ನು ಕೇಳಿರಲಿಲ್ಲ.

ಮಿದುಳಿನ ಬುಡದಲ್ಲಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗೊಂಚಲಿದೆ. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಇಡೀ ದೇಹದ ಗಡಿಯಾರ ತಿದ್ದುತ್ತದೆ. ಕತ್ತಲಾದರೆ, ಮಲಗುವ ಹೊತ್ತಾಯಿತೆಂದು ದೇಹಕ್ಕೆ ಹೇಳುವ ಮೆಲಟೋನಿನ್ ಎಂಬ ಹಾರ್ಮೋನು ಹೊರಡುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹ್ಯಾಗೆ ನಡೆಯುತ್ತದೆಂದು ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಪಾಳಿ ಬದಲಾದರೆ ಈ ಗಡಿಯಾರ ಸರಿಯುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ತಾಸಷ್ಟೇ. ಅಣ್ಣನದು ರಾತ್ರಿಗೆ ಅರೆಬರೆ ಹೊಂದುವಷ್ಟರಲ್ಲಿ ಪಾಳಿ ತಿರುಗಿರುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಬಿಸಿಲು ಕಣ್ಣಿಗೆ ಬಿದ್ದು, ಮಲಗಬೇಕಾದ ಮಿದುಳಿಗೆ ‘ಬೆಳಗಾಯ್ತು, ಏಳು’ ಅನ್ನುತ್ತದೆ. ನಿದ್ದೆ ಕೆಟ್ಟರೆ ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟರೆ ನಿದ್ದೆ ಮತ್ತಷ್ಟು ಕೆಡುತ್ತದೆ. ಮನಸ್ಸು ಒಮ್ಮೆ ತೀರಾ ಉಬ್ಬಿ, ಒಮ್ಮೆ ತೀರಾ ಕುಗ್ಗುವ ಬೈಪೋಲಾರ್ ಕಾಯಿಲೆ ಇದ್ದವರಿಗಂತೂ ನಾಲ್ಕು ರಾತ್ರಿ ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು.

ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಹೊಲಕ್ಕೆ ನೀರು ಬಿಡಲು ಓಡುವ ನಮ್ಮ ರೈತರ ಪಾಡೂ ಇದೇ.

ಈಗ ಅಣ್ಣ ಬಸ್ಸಿನಲ್ಲಿ ಕರಿ ಚಸ್ಮಾ ಹಾಕಿ ಬರುತ್ತಾನೆ. ಕೋಣೆಗೆ ದಪ್ಪ ಕಪ್ಪು ಪರದೆ. ಗುಳಿಗೆಯೂ ನಡೆದಿದೆ, ವೈದ್ಯರು ಹೇಳುವವರೆಗೆ ಬಿಡಿಸುವುದಿಲ್ಲ. ಆದರೆ ಪಾಳಿಪಟ್ಟಿ ಬರೆಯುವವರು ನಾವಲ್ಲವಲ್ಲ! ಬೆಳಿಗ್ಗೆ, ಸಂಜೆ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ತಿರುಗಿಸಿದರೆ ದೇಹಕ್ಕೆ ಹಗುರ. ಅಣ್ಣನಿಗೆ ಹಿಂದಕ್ಕೆ ತಿರುಗಿಸುತ್ತಾರೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಪಟ್ಟಿ ಬದಲಿಸಿದರೆ ಸಾಕು. ಸಂಘದವರು ಬೋನಸ್ ಜೊತೆ ಇದನ್ನೂ ಕೇಳಲಿ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ; ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮವ್ವ ಈಗ ತಾಟು ತೊಳೆಯಲು ಹಿತ್ತಲಿಗೆ ಒಯ್ಯುತ್ತಾಳೆ. ಓಣಿಯ ಹುಡುಗರು ಕೂಗಾಡಿದರೆ ಬಾಗಿಲಿಗೆ ಬಂದು, ‘ಸಾವಕಾಶ್ರೋ ಯಪ್ಪಾ, ಅವಗ ಈಗ ನಡುರಾತ್ರಿ’ ಅನ್ನುತ್ತಾಳೆ.