11 ಕೋಟಿ, 11 ಟನ್ ಮತ್ತು ನನ್ನ ಎಡಗಾಲಿನ ಚಪ್ಪಲಿ

2024ರ ಜುಲೈ 4ರಂದು ಮುಂಬೈಯ ಮರೀನ್ ಡ್ರೈವ್‌ನಲ್ಲಿ ನಾನು ಎಡಗಾಲಿನ ಚಪ್ಪಲಿ ಕಳೆದುಕೊಂಡೆ. ಟಿ20 ವಿಶ್ವಕಪ್ ಗೆದ್ದು ಬಂದವರ ಮೆರವಣಿಗೆ. ಸಂಜೆ 5ಕ್ಕೆ ಅಂದಿದ್ದರು, ಬಸ್ಸು ಹೊರಡುವಾಗ ಏಳೂವರೆಯ ಹೊತ್ತು. ಆಮೇಲೆ ಶುರುವಾಯಿತು ತಳ್ಳಾಟ. ಮೇಲೆ ಕಪ್ ಕಂಡಿತು, ಕೆಳಗೆ ಚಪ್ಪಲಿ ಕಾಣಲಿಲ್ಲ. ಒಂಟಿ ಚಪ್ಪಲಿಯಲ್ಲಿ ಚರ್ಚ್‌ಗೇಟ್‌ವರೆಗೆ ಕುಂಟಿಕೊಂಡು ಬಂದು ಲೋಕಲ್ ಹತ್ತಿದೆ. ಯಾರೂ ನಗಲಿಲ್ಲ. ಡಬ್ಬಿಯಲ್ಲಿ ಇನ್ನೂ ಕೆಲವರು ನನ್ನ ಹಾಗೇ ಇದ್ದರು.

ಆ ರಾತ್ರಿ ಪಾಲಿಕೆಯ ಸುಮಾರು ನೂರು ಸಫಾಯಿ ಕೆಲಸಗಾರರು ಬೆಳಗಾಗುವವರೆಗೆ ರಸ್ತೆ ಗುಡಿಸಿದರು. ಸಿಕ್ಕಿದ ಕಸ 11 ಟನ್‌ಗಿಂತ ಜಾಸ್ತಿ. ಮರುದಿನ ವಿಧಾನಭವನದಲ್ಲಿ ಮುಖ್ಯಮಂತ್ರಿಗಳು ತಂಡಕ್ಕೆ 11 ಕೋಟಿ ಬಹುಮಾನ ಘೋಷಿಸಿದರು. ಲೆಕ್ಕ ಎಷ್ಟು ಚಂದ ಕೂಡಿ ಬಂತು ನೋಡಿ, ಟನ್ನಿಗೆ ಒಂದು ಕೋಟಿ. ವಿಳಾಸ ಮಾತ್ರ ತಪ್ಪಿತು.

ಅದಕ್ಕೂ ಮೊದಲೇ ಬಿಸಿಸಿಐ 125 ಕೋಟಿ ಕೊಡುತ್ತೇವೆ ಎಂದಿತ್ತು. 15 ಆಟಗಾರರಿಗೆ ತಲಾ 5 ಕೋಟಿ. ಇಡೀ ಟೂರ್ನಿಯಲ್ಲಿ ಒಂದೂ ಪಂದ್ಯ ಆಡದ ಮೂವರಿಗೂ ಅಷ್ಟೇ. ತಪ್ಪೇನಿಲ್ಲ ಬಿಡಿ. ಆದರೆ ಆ ವಿಶ್ವಕಪ್‌ನಲ್ಲಿ ನಾನೂ ಒಂದೂ ಪಂದ್ಯ ಆಡಿರಲಿಲ್ಲ, ಸುಮ್ನೆ ಹೇಳಿದೆ. ಕೋಚ್ ದ್ರಾವಿಡ್ ಮಾತ್ರ 5 ಕೋಟಿ ಬೇಡ, ಉಳಿದ ಕೋಚ್‌ಗಳ ಹಾಗೆ ಎರಡೂವರೆ ಸಾಕು ಎಂದರಂತೆ, ಪೇಪರಿನಲ್ಲಿ ಬಂದಿತ್ತು.

"ನಮ್ಮವರಿಗೆ ಬಾರ್ಗೇನ್ ಮಾಡ್ಲಿಕ್ಕೆ ಬರುವುದಿಲ್ಲ ಮಾರಾಯ್ರೆ" ಅಂದರು ಶೆಟ್ರು. ಮೊನ್ನೆ ಮಾಟುಂಗದ ಅವರ ಹೋಟೆಲ್ಲಿನಲ್ಲಿ ಹಳೇ ಕತೆ ತೆಗೆದಿದ್ದೆ. ಗಲ್ಲಾದಿಂದಲೇ ನನಗೆ ಪಾಠವಾಯಿತು. "ನಿಮ್ಗೆ ಮಾರ್ಕೆಟ್ ಗೊತ್ತಿಲ್ಲ. 5 ವರ್ಷ ಐಪಿಎಲ್ ತೋರಿಸುವ ಹಕ್ಕೇ 48,390 ಕೋಟಿಗೆ ಹೋಗಿದೆ. ಜನ ನೋಡ್ತಾರೆ, ದುಡ್ಡು ಬರ್ತದೆ, ಆಡುವವನಿಗೆ ಕೊಡ್ತಾರೆ. ಕಸ ಗುಡಿಸುವುದನ್ನು ಯಾರು ಟಿಕೆಟ್ ತೆಗೊಂಡು ನೋಡ್ತಾರೆ?"

ಮಾತು ಸರಿಯೇ. ಹಾಗಾದರೆ ಆ 11 ಕೋಟಿ ಯಾವ ಮಾರ್ಕೆಟ್ಟಿನದು? ಅದು ಟಿಕೆಟ್ಟಿನ ದುಡ್ಡಲ್ಲ, ಖಜಾನೆಯದು. "ನಿಮ್ಮ ಇಡ್ಲಿಯ ಜಿಎಸ್‌ಟಿಯೂ ಅದರಲ್ಲಿದೆ ಶೆಟ್ರೇ" ಅಂದೆ. ಅವರು ಚಿಲ್ಲರೆ ಎಣಿಸತೊಡಗಿದರು.

ಹರಾಜು ಇಬ್ಬರಿಗೂ ಇದೆ, ಅದು ನಿಮಗೂ ಗೊತ್ತು. ಕ್ರಿಕೆಟಿಗನ ಹರಾಜಿನಲ್ಲಿ ಜಾಸ್ತಿ ಕೂಗಿದವನು ಗೆಲ್ಲುತ್ತಾನೆ. ಗುತ್ತಿಗೆ ಸಫಾಯಿ ಕೆಲಸದ ಟೆಂಡರಿನಲ್ಲಿ ಕಡಿಮೆ ಕೂಗಿದವನು. ಅಲ್ಲಿ ಮೂಲ ಬೆಲೆಯಿಂದ ಮೇಲಕ್ಕೆ ಹತ್ತುತ್ತಾರೆ, ಇಲ್ಲಿ ಕನಿಷ್ಠ ಕೂಲಿಯ ತನಕ ಇಳಿದು, ಆಮೇಲೂ ಕೆಳಗೆ ಏನಾದರೂ ಸಂದು ಇದೆಯಾ ಅಂತ ಇಣುಕುತ್ತಾರೆ.

ಆಟಗಾರರ ಕಾಲ ಚಿಕ್ಕದು, ಮೂವತ್ತೈದಕ್ಕೆಲ್ಲ ಮುಗಿಯುತ್ತದೆ, ಅದಕ್ಕೇ ಜಾಸ್ತಿ ಕೊಡಬೇಕು ಅನ್ನುವವರೂ ಇದ್ದಾರೆ. ಒಪ್ಪಿದೆ. ಮ್ಯಾನ್‌ಹೋಲಿಗೆ ಇಳಿಯುವವನದು ಇನ್ನೂ ಚಿಕ್ಕದು. ಕೆಲವರದು ಒಂದೇ ಇನಿಂಗ್ಸ್.

ನಮ್ಮ ಗಲಾಟೆ ಕೇಳಿ ಕಾವಲಿ ಮುಂದಿದ್ದ ಭಟ್ರು ಸಟ್ಟುಗ ಹಿಡಿದೇ ಹೊರಗೆ ಬಂದರು. ಅವರಿಗೆ ಕ್ರಿಕೆಟ್ ಲೆಕ್ಕವೆಲ್ಲ ಬಾಯಿಪಾಠ. ರಿಷಭ್ ಪಂತ್‌ಗೆ ಲಖನೌ ಕೊಟ್ಟದ್ದು 27 ಕೋಟಿ. 2025ರ ಐಪಿಎಲ್‌ನಲ್ಲಿ ಪಂತ್ ಹೊಡೆದದ್ದು 269 ರನ್. ಅದರಲ್ಲೂ 118 ಕೊನೇ ಪಂದ್ಯದ್ದು. ಅದೂ ನಮ್ಮ ಆರ್‌ಸಿಬಿ ಎದುರು, ಗೆದ್ದದ್ದು ಮಾತ್ರ ಆರ್‌ಸಿಬಿಯೇ. (ಇದನ್ನು ಹೇಳುವಾಗ ಭಟ್ರ ಮುಖ ನೋಡಬೇಕಿತ್ತು.) ಕೀಪಿಂಗ್, ಕ್ಯಾಪ್ಟನ್ಸಿ ಎಲ್ಲ ಪಕ್ಕಕ್ಕಿಟ್ಟರೆ ಒಂದು ರನ್ನಿಗೆ ಹತ್ತು ಲಕ್ಷ ಬಿತ್ತು.

"ನಾನು ಬೆಳಗ್ಗೆ ಆರರಿಂದ ಹತ್ತರ ಒಳಗೆ ಮುನ್ನೂರು ದೋಸೆ ಹೊಯ್ತೇನೆ" ಅಂದರು ಭಟ್ರು. "ಡಾಟ್ ಬಾಲ್ ಇಲ್ಲ. ಸ್ಟ್ರಾಟೆಜಿಕ್ ಟೈಮ್‌ಔಟ್ ಇಲ್ಲ. ದೋಸೆಗೆ ಹತ್ತು ಲಕ್ಷ ಯಾರು ಕೇಳಿದ್ರು? ತಿಂಗಳಿಗೆ ಎರಡು ಸಾವಿರ ಜಾಸ್ತಿ ಮಾಡಿ ಶೆಟ್ರೇ, ಸಾಕು."

ಶೆಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಈಗ ಮಾರ್ಕೆಟ್ ಡೌನ್ ಉಂಟು ಭಟ್ರೇ."

ಭಟ್ರು ಏನೂ ಹೇಳದೆ ಒಳಗೆ ಹೋದರು. ಆವತ್ತು ನನ್ನ ಮಸಾಲೆ ದೋಸೆ ಒಂದು ಬದಿ ಸೀದು ಬಂತು. ಸೀದ ಬದಿ ಕೆಳಗೆ ಮಾಡಿಕೊಂಡು ತಿಂದೆ.