2020ರಲ್ಲಿ ಯುರೋಲೀಗ್ ಕಪ್ ಯಾರೂ ಗೆದ್ದಿಲ್ಲ

‘ಇಸ್ತಾಂಬುಲ್‌ನ ಅನಡೋಲು ಎಫೆಸ್ 2020, 2021, 2022, ಸತತ ಮೂರು ಸಲ ಯುರೋಲೀಗ್ ಚಾಂಪಿಯನ್’ ಅನ್ನುವ ಮೆಸೇಜ್ ಬ್ಯಾಸ್ಕೆಟ್‌ಬಾಲ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. (ಯುರೋಲೀಗ್ ಅಂದರೆ ಯುರೋಪಿನ ಕ್ಲಬ್ ತಂಡಗಳ ದೊಡ್ಡ ಬ್ಯಾಸ್ಕೆಟ್‌ಬಾಲ್ ಟೂರ್ನಿ.) ನಾನೂ ನೋಡದೆ ಒಂದು ಕಡೆ ಕಳಿಸಿಬಿಟ್ಟಿದ್ದೆ. ಆ ಮೆಸೇಜ್ ತಪ್ಪು.

2019–20ರ ಸೀಸನ್ ಮುಗಿಯಲೇ ಇಲ್ಲ. ಕೊರೊನಾದಿಂದಾಗಿ 2020ರ ಮಾರ್ಚ್ 12ರಂದು ಆಟ ನಿಂತಿತು. ಮೇ 25ರಂದು ಲೀಗ್‌ನವರೇ ಸೀಸನ್ ರದ್ದು ಮಾಡಿ, ಯಾರನ್ನೂ ಚಾಂಪಿಯನ್ ಎಂದು ಘೋಷಿಸುವುದಿಲ್ಲ ಎಂದರು. 34 ಸುತ್ತುಗಳಲ್ಲಿ 28 ಮಾತ್ರ ಮುಗಿದಿದ್ದವು.

ಗೊಂದಲ ಎಲ್ಲಿಂದ ಬಂತು ಅಂತ ಊಹಿಸಬಹುದು. ಆಟ ನಿಂತಾಗ ಪಟ್ಟಿಯಲ್ಲಿ ಮೊದಲಿದ್ದದ್ದು ಎಫೆಸ್ಸೇ: 24 ಗೆಲುವು, ಬರೀ 4 ಸೋಲು. ಎಫೆಸ್ ಆಟಗಾರ ಶೇನ್ ಲಾರ್ಕಿನ್ ಬಾಯರ್ನ್ ಮ್ಯೂನಿಕ್ ವಿರುದ್ಧ ಒಂದೇ ಪಂದ್ಯದಲ್ಲಿ 49 ಪಾಯಿಂಟ್ ಹೊಡೆದದ್ದೂ ಅದೇ ಸೀಸನ್‌ನಲ್ಲಿ. ಆಡಿದ್ದರೆ ಗೆಲ್ಲುತ್ತಿದ್ದರೇನೋ, ಆದರೆ ಪ್ಲೇಆಫ್ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಹಂತದ ಪಂದ್ಯಗಳು) ನಡೆಯದೆ ಕಪ್ ಬರಲ್ಲ ಅಲ್ವಾ?

ಎಫೆಸ್ ಗೆದ್ದದ್ದು ಎರಡು ಸಲ. 2021ರಲ್ಲಿ ಕಲೋನ್‌ನಲ್ಲಿ ಬಾರ್ಸಿಲೋನಾ ವಿರುದ್ಧ 86–81. 2022ರಲ್ಲಿ ಬೆಲ್‌ಗ್ರೇಡ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 58–57, ಒಂದೇ ಒಂದು ಪಾಯಿಂಟ್‌ನಲ್ಲಿ!

ಹಳೇ ಮೆಸೇಜ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿಯಾಗಿದ್ದರೆ ಅದರ ಕೆಳಗೆ ಇದನ್ನು ಹಾಕಿ.