ಚೆಕ್‌ರೋಲಿನಲ್ಲಿ ಪ್ರಾಧ್ಯಾಪಕರು

ಕೊಡಗಿನ ಸುಂಟಿಕೊಪ್ಪದ ಸಮೀಪದ ಒಂದು ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿ ದುಡಿದು ನಿವೃತ್ತನಾದ ನನಗೆ, ಅಷ್ಟೂ ವರ್ಷ ನಾನು ಬಹು ದೊಡ್ಡ ಹುದ್ದೆಯೊಂದನ್ನು ನಿರ್ವಹಿಸುತ್ತಿದ್ದೆನೆಂಬುದು ಕಳೆದ ಜೂನ್ ತಿಂಗಳವರೆಗೆ ತಿಳಿದಿರಲಿಲ್ಲ. ಬೆಳಗ್ಗೆ ಆಳುಗಳನ್ನು ಎಣಿಸುವುದು, ಯಾರು ಕಳೆ ತೆಗೆಯಬೇಕು, ಯಾರು ನೆರಳುಮರಗಳ ಕೊಂಬೆ ಕಡಿಯುವ ಮರಗಸಿಗೆ ಹೋಗಬೇಕು ಎಂದು ಮೇಸ್ತ್ರಿಗೆ ಹೇಳುವುದು, ಸಂಜೆ ಹಾಜರಿ ಪುಸ್ತಕವಾದ ಚೆಕ್‌ರೋಲ್ ತುಂಬುವುದು, ವಾರಕ್ಕೊಮ್ಮೆ ಕೂಲಿ ಬಟವಾಡೆ ಮಾಡುವುದು: ಇದನ್ನು ನಾವು ರೈಟರ್ ಕೆಲಸ ಎನ್ನುತ್ತಿದ್ದೆವು. ಇದೇ ಕೆಲಸವನ್ನು ಬಟವಾಡೆಯೊಂದನ್ನು ಬಿಟ್ಟು ಮಾಡಿದರೆ ಅದಕ್ಕೆ 'ಮಾನವ ಸಂಪನ್ಮೂಲ ನಾಯಕತ್ವ' ಎಂಬ ಹೆಸರಿದೆಯೆಂದು ನನಗೆ ತಿಳಿಸಿಕೊಟ್ಟವರು ಬೆಂಗಳೂರು ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದ ಎಚ್‌ಆರ್ ಮುಖ್ಯಸ್ಥರು.

ಅವರು ನಮ್ಮಲ್ಲಿಗೆ ಬಂದದ್ದು ತಮ್ಮ ವಿಭಾಗದ ಹನ್ನೊಂದು ಮಂದಿಯೊಡನೆ ಮೂರು ದಿನಗಳ ನಾಯಕತ್ವ ಶಿಬಿರಕ್ಕೆ. ಕಾಫಿಯ ಬೆಲೆ ನೆಲಕಚ್ಚಿದ್ದ ಕಾಲದಲ್ಲಿ ನಮ್ಮ ಸಾಹುಕಾರರು ಹಳೆಯ ಬಂಗಲೆಯನ್ನು ಹೋಂಸ್ಟೇ ಮಾಡಿದ್ದರು. ಬೆಲೆ ಏರಿದ ಮೇಲೂ ಅದನ್ನು ಮುಚ್ಚಲಿಲ್ಲ. ಮಳೆಗಾಲದಲ್ಲಿ ಬಾಡಿಗೆ ಕಡಿಮೆ. ಆ ವರ್ಷ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾರಣ ಅಧ್ಯಾಪಕರ ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿದಿದ್ದರಂತೆ, ಆ ನಿರ್ಧಾರದಿಂದ ಅಧ್ಯಾಪಕರ ಮನಸ್ಸಿಗೆ ಆಗಿರಬಹುದಾದ ನೋವನ್ನು ಕುರಿತು ಚಿಂತಿಸುವುದಕ್ಕೆ ಪ್ರಶಾಂತವಾದ ಸ್ಥಳವೊಂದು ಬೇಕಾಗಿತ್ತಂತೆ. ಅತಿಥಿಗಳಿಗೆ ತೋಟ ಸುತ್ತಿಸುವ ಕೆಲಸ ಈಗ ನನ್ನದಾದ್ದರಿಂದ ಅವರ ಚಿಂತನೆಯ ಬಹುಭಾಗ ನನ್ನ ಕಿವಿಯ ಮೇಲೂ ಬಿತ್ತು.

ಮೊದಲ ದಿನದ ನಡಿಗೆಯಲ್ಲಿ ಅವರು, "ನಿಮ್ಮ ಕೆಲಸಗಾರರು ಪಕ್ಕದ ತೋಟಕ್ಕೆ ಹೋಗದಂತೆ ಹೇಗೆ ಉಳಿಸಿಕೊಳ್ಳುತ್ತಿದ್ದಿರಿ?" ಎಂದು ಕೇಳಿದರು. ಹಿಂದೆ ಕೆಲವು ತೋಟಗಳಲ್ಲಿ ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುತ್ತಿದ್ದರೆಂದೂ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದ ಮೇಲೆ ಅದು ಅಪರಾಧವಾಯಿತೆಂದೂ ನಾನು ವಿವರಿಸಿದೆ. ಅವರು ಕನಿಕರದಿಂದ ತಲೆಯಾಡಿಸಿದರು. ತಮ್ಮಲ್ಲಿ ಮುಂಗಡದ ಪದ್ಧತಿ ಇಲ್ಲವೇ ಇಲ್ಲವೆಂದು ಹೇಳಿ, ನೇಮಕವಾದ ದಿನವೇ ಅಧ್ಯಾಪಕರ ಮೂಲ ಅಂಕಪಟ್ಟಿಗಳನ್ನೂ ಪಿಎಚ್‌ಡಿ ಪ್ರಮಾಣಪತ್ರವನ್ನೂ 'ಪರಿಶೀಲನೆಗಾಗಿ' ಪಡೆದು ಕಪಾಟಿನಲ್ಲಿ ಇಡಲಾಗುತ್ತದೆಂದರು. ಪರಿಶೀಲನೆ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದ್ದಕ್ಕೆ, ಅಧ್ಯಾಪಕರು ರಾಜೀನಾಮೆ ಕೊಟ್ಟು, ಮೂರು ತಿಂಗಳ ನೋಟಿಸ್ ಅವಧಿ ಪೂರೈಸಿ, ಗ್ರಂಥಾಲಯದಿಂದ ಹಿಡಿದು ಜಿಮ್‌ವರೆಗೆ ಹದಿನಾಲ್ಕು ಕಡೆ ಬಾಕಿ ಇಲ್ಲವೆಂಬ ಸಹಿ ತಂದ ದಿನ ಮುಗಿಯುತ್ತದೆ ಎಂದರು. ದುಡ್ಡು ಕೊಟ್ಟು ಕಟ್ಟಿಹಾಕಿದರೆ ಜೀತವಾಗುತ್ತದೆ, ಒಂದು ಕಾಸನ್ನೂ ಕೊಡದೆ ಕಟ್ಟಿಹಾಕಿದರೆ ನೀತಿಯಾಗುತ್ತದೆ ಎಂಬ ಈ ಸೂಕ್ಷ್ಮ ನಮ್ಮ ಸಾಹುಕಾರರ ತಂದೆಯವರ ಕಾಲದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಡಿಗೆ ಮುಗಿಸಿ ಬಂದಾಗ ಅವರ ಕಾಲುಚೀಲದೊಳಗೆ ಎರಡು ಜಿಗಣೆಗಳಿದ್ದವು. ಉಪ್ಪು ತಂದುಕೊಟ್ಟೆ. ಕಚ್ಚಿದ್ದು ಗೊತ್ತೇ ಆಗಲಿಲ್ಲವಲ್ಲ ಎಂದು ಅವರು ಬಹಳ ಹೊತ್ತು ಆಶ್ಚರ್ಯಪಟ್ಟರು.

ಸಂಜೆ ಜಗಲಿಯಲ್ಲಿ ಪರದೆ ಕಟ್ಟಿ ಅವರು ತಮ್ಮ ತಂಡಕ್ಕೆ ಪಾಠ ಮಾಡಿದರು. ಮೊದಲ ಚಿತ್ರದಲ್ಲಿ 'ನಾವೆಲ್ಲರೂ ಒಂದೇ ಕುಟುಂಬ' ಎಂದಿತ್ತು. ಕೊಡಗಿನಲ್ಲಿ ಈ ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಆಡಬೇಕು. ಇಲ್ಲಿ ಕುಟುಂಬವೆಂದರೆ ಒಕ್ಕ. ಒಕ್ಕಕ್ಕೊಂದು ಐನ್‌ಮನೆಯೆಂಬ ಮೂಲಮನೆ ಇರುತ್ತದೆ, ಯಜಮಾನರಾದ ಪಟ್ಟೆದಾರರಿರುತ್ತಾರೆ, ವಂಶಪಾರಂಪರ್ಯದ ಜಮ್ಮಾ ಭೂಮಿಯಿರುತ್ತದೆ, ಸುಗ್ಗಿಹಬ್ಬವಾದ ಹುತ್ತರಿಯ ದಿನ ಕದಿರು ತಂದು ಕಟ್ಟುವಾಗ ಎಲ್ಲಿದ್ದವರೂ ಬಂದು ಸೇರುತ್ತಾರೆ. ಒಬ್ಬ ಸಹಾಯಕ ಪ್ರಾಧ್ಯಾಪಕ ಈ ಕುಟುಂಬದ ಮಾತನ್ನು ಇಲ್ಲಿನ ಅರ್ಥದಲ್ಲಿ ನಂಬಿ, ಕ್ಯಾಂಪಸ್ಸಿನ ಜಮೀನಿನಲ್ಲಿ ತನ್ನ ಪಾಲು ಎಲ್ಲಿದೆಯೆಂದು ಕುಲಪತಿಗಳನ್ನು ಕೇಳಿದರೆ ಏನಾದೀತೆಂದು ನಾನು ಕತ್ತಲಲ್ಲಿ ಕುಳಿತು ಯೋಚಿಸಿದೆ. ಮುಖ್ಯಸ್ಥರ ಕುಟುಂಬದಲ್ಲಿ ಪಾಲು ಕೇಳುವ ಹಕ್ಕು ಒಬ್ಬರಿಗೆ, ದುಡಿಯುವ ಬಾಧ್ಯತೆ ಉಳಿದವರಿಗೆ ಹಂಚಿಕೆಯಾಗಿದೆ. ಅದೂ ಒಂದು ಬಗೆಯ ಹಂಚಿಕೆಯೇ.

ಎರಡನೆಯ ಚಿತ್ರದಲ್ಲಿ ಸಂಬಳದ ಲೆಕ್ಕವಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಪ್ರಕಾರ ಒಪ್ಪಂದದ ಅಧ್ಯಾಪಕರ ಸಂಖ್ಯೆ ಒಟ್ಟು ಅಧ್ಯಾಪಕ ಹುದ್ದೆಗಳ ಶೇಕಡ 10ನ್ನು ಮೀರಬಾರದು, ಅವರಿಗೆ ಕೊಡುವ ಮೊತ್ತವೂ ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ವೇತನಕ್ಕಿಂತ ಕಡಿಮೆಯಿರಬಾರದು. ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಆ ಹುದ್ದೆಯ ಆರಂಭದ ಮೂಲವೇತನವೇ 57,700 ರೂಪಾಯಿ. ಈ ಸಂಖ್ಯೆಯನ್ನು ಮುಖ್ಯಸ್ಥರು ಮರೆಮಾಚಲಿಲ್ಲ. ದೊಡ್ಡ ಅಕ್ಷರಗಳಲ್ಲಿ ತೋರಿಸಿ, ತಮ್ಮ ನೇಮಕ ಪತ್ರಗಳಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ಮೊತ್ತ ಇರುತ್ತದೆಂದು ಹೆಮ್ಮೆಯಿಂದ ಹೇಳಿದರು. ಆ ಮೊತ್ತದ ಹೆಸರು ಸಿಟಿಸಿ, ಅಂದರೆ ನೌಕರನಿಗಾಗಿ ಸಂಸ್ಥೆಗೆ ತಗಲುವ ಒಟ್ಟು ವೆಚ್ಚ. ಅದರೊಳಗೆ ಸಂಸ್ಥೆ ಕಟ್ಟುವ ಭವಿಷ್ಯನಿಧಿ ಸೇರಿದೆ, ಮುಂದೆಂದೋ ಕೊಡಬಹುದಾದ ಗ್ರಾಚ್ಯುಟಿ ಸೇರಿದೆ, ಕಾಲೇಜಿನ ಬಸ್ಸಿನಲ್ಲಿ ಬರುವುದಕ್ಕೆ ಆಗುವ ವೆಚ್ಚ ಸೇರಿದೆ, ಲ್ಯಾಪ್‌ಟಾಪಿನ ಸವಕಳಿ ಸೇರಿದೆ. ನಾನು ಬಟವಾಡೆಯ ದಿನ ಆಳಿನ ಕೈಗೆ ಅರ್ಧ ಕೂಲಿ ಇಟ್ಟು, "ಉಳಿದರ್ಧ ನೀನು ಹಗಲೆಲ್ಲ ಸಿಲ್ವರ್ ಓಕ್ ಮರದ ನೆರಳಿನಲ್ಲಿ ನಿಂತದ್ದಕ್ಕೆ ವಜಾ" ಎಂದಿದ್ದರೆ, ಮುಂದಿನ ವಾರ ತೋಟದಲ್ಲಿ ಸಿಲ್ವರ್ ಓಕ್ ಮರಗಳು ಮಾತ್ರ ಉಳಿಯುತ್ತಿದ್ದವು.

ಇಷ್ಟಕ್ಕೂ ನಮ್ಮ ಆಳುಗಳು ಸುಖದಲ್ಲಿದ್ದರೆಂದು ನಾನು ಹೇಳುತ್ತಿಲ್ಲ. ಲೈನ್‌ಮನೆಗಳ ಹೆಂಚು ಸೋರುತ್ತಿತ್ತು, ಸೌದೆ ಹಸಿಯಾಗಿರುತ್ತಿತ್ತು. ಆದರೆ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಎಂಬುದೊಂದು ನಮ್ಮ ತಲೆಯ ಮೇಲೆ ತೂಗುತ್ತಿತ್ತು. ಮನೆ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ, ಐವತ್ತು ಹೆಣ್ಣಾಳುಗಳಿರುವ ತೋಟದಲ್ಲಿ ಕೂಸುಗಳಿಗೆ ಶಿಶುವಿಹಾರ, ಅಷ್ಟೇ ಅಲ್ಲದೆ ಮಳೆ ಚಳಿಯಿಂದ ಕಾಪಾಡಲು ಕೊಡೆ, ಕಂಬಳಿ, ಮಳೆಕೋಟುಗಳ ಮಾತನ್ನೂ ಆ ಕಾಯ್ದೆ ಎತ್ತಿತ್ತು. ಕಾಯ್ದೆ ಬರೆದವರು ಕೊಡಗಿನ ಮಳೆಯನ್ನು ಒಂದು ಬಾರಿಯಾದರೂ ನೋಡಿದ್ದಿರಬೇಕು. ಅಧ್ಯಾಪಕರಿಗೆ ಏನು ಕೊಡುತ್ತೀರೆಂದು ಕೇಳಿದೆ. ಶಿಕ್ಷಕರ ದಿನಾಚರಣೆಯಂದು ವಿಶ್ವವಿದ್ಯಾಲಯದ ಲಾಂಛನವಿರುವ ಒಂದು ಕಾಫಿ ಲೋಟ ಕೊಡುತ್ತಾರಂತೆ.

ತಪಾಸಣೆಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ವೃತ್ತಿಗಳು ಒಂದೇ ತಾಯಿಯ ಮಕ್ಕಳೆಂಬುದನ್ನು ಒಪ್ಪಿಕೊಳ್ಳಬೇಕು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಾರೆಂಬ ಸುದ್ದಿ ಬಂದ ಹಿಂದಿನ ರಾತ್ರಿ ನಾವು ಗೊಬ್ಬರದ ಚೀಲ ತುಂಬಿದ್ದ ಕೋಣೆಯನ್ನು ಗುಡಿಸಿ, ತೊಟ್ಟಿಲು ಕಟ್ಟಿ, ಗೋಡೆಗೆ ಗಿಣಿಯ ಚಿತ್ರ ಅಂಟಿಸಿ ಶಿಶುವಿಹಾರ ಮಾಡುತ್ತಿದ್ದೆವು. ಕೂಸುಗಳು ಸಾಲದಿದ್ದರೆ ಪಕ್ಕದ ತೋಟದಿಂದ ಎರವಲು ತರುತ್ತಿದ್ದೆವು. ಒಮ್ಮೆ ಹಾಗೆ ಎರವಲು ತಂದ ಮಗುವೊಂದು ಇನ್‌ಸ್ಪೆಕ್ಟರರನ್ನು ಗುರುತು ಹಿಡಿದು ನಕ್ಕುಬಿಟ್ಟಿತು. ಹಿಂದಿನ ದಿನ ಅವರು ಅದನ್ನು ಅಲ್ಲಿಯೂ ಎತ್ತಿಕೊಂಡಿದ್ದರು. ಈ ಪಾಪವನ್ನು ನಾನು ಹೇಳಿಕೊಂಡಾಗ ಮುಖ್ಯಸ್ಥರು ಮೊದಲ ಬಾರಿಗೆ ನನ್ನನ್ನು ಸಹೋದ್ಯೋಗಿಯಂತೆ ನೋಡಿದರು. ಅವರಲ್ಲಿ ತಪಾಸಣಾ ತಂಡ ಬರುವ ವಾರ ಪ್ರಾಧ್ಯಾಪಕರು ಎರವಲು ಬರುತ್ತಾರೆ. ಅವರ ಹೆಸರಿನ ಫಲಕಗಳು ಕೋಣೆಗಳ ಬಾಗಿಲಿಗೆ ಬೀಳುತ್ತವೆ, ಮೇಜಿನ ಮೇಲೆ ಪುಸ್ತಕಗಳು ಅರ್ಧ ತೆರೆದು ಕುಳಿತುಕೊಳ್ಳುತ್ತವೆ. ಒಂದು ವ್ಯತ್ಯಾಸವೆಂದರೆ ಪ್ರಾಧ್ಯಾಪಕರು ಯಾರನ್ನು ಗುರುತು ಹಿಡಿದರೂ ನಗುವುದಿಲ್ಲ. ಅದಕ್ಕಾಗಿ ಹಿಂದಿನ ದಿನ ತರಬೇತಿ ಇರುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ಅತಿಥಿಗಳು ಹೆಚ್ಚಾದ್ದರಿಂದಲೇ ಅಲ್ಲಿ ಆಧಾರ್ ಜೋಡಿಸಿದ ಹಾಜರಿ ಬಂತು. ಒಬ್ಬ ಪ್ರಾಧ್ಯಾಪಕ ಪ್ರಾಧ್ಯಾಪಕನಾಗಿರುವುದನ್ನು ಮೊದಲು ಬೆರಳು ಒತ್ತಿ, ಈಗ ಫೋನಿಗೆ ಮುಖ ತೋರಿಸಿ ಸಾಬೀತುಪಡಿಸಬೇಕಾದ ಕಾಲದಲ್ಲಿ, ಬಾಯಲ್ಲಿ ಹೆಸರು ಕರೆದು ಹಾಜರಿ ಬರೆಯುತ್ತಿದ್ದ ನನ್ನ ಚೆಕ್‌ರೋಲು ಎಷ್ಟು ನಂಬಿಕೆಯ ದಾಖಲೆಯಾಗಿತ್ತೆಂದು ಈಗ ಅನ್ನಿಸುತ್ತದೆ.

ಎರಡನೆಯ ದಿನ ಅವರ ಶಿಬಿರದ ವಿಷಯ 'ಗುರಿ ಆಧಾರಿತ ಮೌಲ್ಯಮಾಪನ' ಎಂಬುದಾಗಿತ್ತು. ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕೆಂದು 2018ರ ಅದೇ ನಿಯಮಾವಳಿ ಹೇಳುತ್ತದೆ. ಮುಖ್ಯಸ್ಥರ ಪಟ್ಟಿಯಲ್ಲಿ ಪಾಠಕ್ಕೆ ಅಂಕಗಳಿದ್ದವು, ಪ್ರಬಂಧ ಪ್ರಕಟಣೆಗೆ ಅಂಕಗಳಿದ್ದವು, ಎಲ್ಲಕ್ಕಿಂತ ಹೆಚ್ಚಿನ ಅಂಕಗಳು ಬೇಸಿಗೆಯಲ್ಲಿ ಎಷ್ಟು ವಿದ್ಯಾರ್ಥಿಗಳನ್ನು ಸೇರಿಸಿದಿರಿ ಎಂಬುದಕ್ಕಿದ್ದವು. ಭೌತಶಾಸ್ತ್ರದ ಪ್ರಾಧ್ಯಾಪಕರು ಏಪ್ರಿಲ್‌ನಲ್ಲಿ ಕರಪತ್ರಗಳ ಕಟ್ಟು ಹಿಡಿದು ಪಿಯು ಕಾಲೇಜುಗಳ ಗೇಟಿನ ಬಳಿ ನಿಲ್ಲುತ್ತಾರೆ, ಪರೀಕ್ಷೆ ಮುಗಿಸಿ ಹೊರಬರುವ ಮಕ್ಕಳ ಫೋನ್ ನಂಬರು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ರೊಬಸ್ಟಾ ಕುಯ್ಲಿನ ಕಾಲಕ್ಕೆ ಆಳು ಕುಯ್ದ ಹಣ್ಣನ್ನು ಕೆ.ಜಿ. ಲೆಕ್ಕದಲ್ಲಿ ತೂಗಿ ದುಡ್ಡು ಕೊಡುತ್ತೇವೆ, ಅದು ನಿಜ. ಆದರೆ ಅವನನ್ನೇ ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಳುಹಿಸಿ, ಚೀಲ ಮಾರಾಟವಾಗುವವರೆಗೆ ಹಿಂದಕ್ಕೆ ಬರಬೇಡವೆಂದು ಎಂದೂ ಹೇಳಿದ್ದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಪಕ್ಕದ ಮನೆಯ ಹುಡುಗಿಯ ವಿಷಯವನ್ನು ಹೇಳದಿದ್ದರೆ ಅಪಚಾರವಾಗುತ್ತದೆ. ಅವಳು ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವಳು. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಕೂಡ ಪಾಸಾಗಿದ್ದಾಳೆ. ಪಿಎಚ್‌ಡಿ ಕಡ್ಡಾಯವೆಂದು ಹೇಳುತ್ತಿದ್ದ ಆಯೋಗ 2023ರ ಜುಲೈನಿಂದ ನೆಟ್ ಇದ್ದರೆ ಸಾಕೆಂದಿತು. ಎರಡೂ ಇರುವವರು ಏನು ಮಾಡಬೇಕೆಂಬುದನ್ನು ಯಾರೂ ಹೇಳಲಿಲ್ಲ. ಮೂರು ವರ್ಷಗಳ ಹಿಂದೆ ಅವಳಿಗೆ ಕೆಲಸ ಸಿಕ್ಕಿದಾಗ ಮನೆಯವರು ಇಗ್ಗುತ್ತಪ್ಪನಿಗೆ ಹರಕೆ ಒಪ್ಪಿಸಿ ಬಂದಿದ್ದರು. ಮಾರ್ಚ್‌ನಲ್ಲಿ ಹೂ ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಟ್ಟು ಬೆಳ್ಳಗಾಗುತ್ತದೆ, ನೋಡಿದವರಿಗೆ ಫಸಲು ಮನೆಗೆ ಬಂದಷ್ಟೇ ಸಂತೋಷ. ಆದರೆ ಹಿಂದೆಯೇ ಬ್ಯಾಕಿಂಗ್ ಮಳೆ ಬಾರದಿದ್ದರೆ ಮಿಡಿ ನಿಲ್ಲುವುದಿಲ್ಲವೆಂಬುದು ಬೆಳೆಗಾರನಿಗೆ ಮಾತ್ರ ಗೊತ್ತು. ಅವಳಿಗೆ ಬಂದದ್ದು ಹನ್ನೊಂದು ತಿಂಗಳ ಒಪ್ಪಂದ. ಮೇ ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ, ಜುಲೈ ಮೊದಲಿಗೆ ಹೊಸ ದಿನಾಂಕದ ಹೊಸ ಪತ್ರ. ಹೀಗೆ ಅವಳು ಒಂದೇ ಕೆಲಸಕ್ಕೆ ಮೂರು ಬಾರಿ ಹೊಸಬಳಾಗಿ ಸೇರಿದ್ದಾಳೆ. ಪ್ರತಿ ಸಲವೂ ಅವಳಿಗೆ ಹೊಸಬರ ಸ್ವಾಗತ ಸಮಾರಂಭವಿರುತ್ತದೆ, ಒಂದು ಗುಲಾಬಿ ಹೂವೂ ಇರುತ್ತದೆ.

ಹನ್ನೊಂದು ಎಂಬ ಸಂಖ್ಯೆಯ ಮಹಿಮೆಯನ್ನು ಮುಖ್ಯಸ್ಥರೇ ಬೆಂಕಿಯ ಬಳಿ ಕುಳಿತು ತಮ್ಮ ಕಿರಿಯರಿಗೆ ಬಿಡಿಸಿ ಹೇಳಿದರು. 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷಗಳ ನಿರಂತರ ಸೇವೆಯನ್ನು ಕೇಳುತ್ತಿತ್ತು. ಅಧ್ಯಾಪಕರಿಗೆ ಅದು ಅನ್ವಯಿಸುವುದಿಲ್ಲವೆಂದು ವಾದಿಸಿಕೊಂಡು ಕೆಲವು ವರ್ಷ ನೆಮ್ಮದಿಯಿಂದ ಇರಬಹುದಿತ್ತು. 2009ರಲ್ಲಿ ತಿದ್ದುಪಡಿ ಬಂತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗ ನಿರಂತರವೆಂಬ ಮಾತಿನ ಕಡೆಗೆ ಗಮನ ಹರಿಸಬೇಕಾಯಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಂತೂ ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಎಂದುಬಿಟ್ಟಿದೆ. "ಆದರೆ ವರ್ಷಕ್ಕೆ ಹನ್ನೆರಡು ತಿಂಗಳು" ಎಂದು ಅವರು ಕಾಫಿ ಲೋಟ ಕೆಳಗಿಟ್ಟು ಮುಗುಳ್ನಕ್ಕರು. ಕಿರಿಯರೆಲ್ಲರೂ ಬರೆದುಕೊಂಡರು. ಕಾಫಿ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಹನ್ನೊಂದನೆಯ ತಿಂಗಳಲ್ಲಿ ಗಿಡ ಕಿತ್ತು ಹನ್ನೆರಡನೆಯ ತಿಂಗಳಲ್ಲಿ ಅದೇ ಗುಂಡಿಯಲ್ಲಿ ನೆಟ್ಟು, ಇದು ಹೊಸ ಗಿಡವೆಂದು ಗೊಬ್ಬರ ಉಳಿಸುವ ವಿದ್ಯೆಯನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ನಮಗೆ ಕಲಿಸಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಮಳೆ ಜೋರಾಗಿ ಹಿಡಿಯಿತು. ತಂಡದವರು ಹೊರಡುವ ಮುನ್ನ ಸ್ಟೋರಿನ ಮಾಡಿನ ಕೆಳಗೆ ಆಶ್ರಯ ಪಡೆದರು. ಅಲ್ಲಿ ಮೇಜಿನ ಹಿಂದೆ ಪಕ್ಕದ ಮನೆಯ ಹುಡುಗಿ ಕುಳಿತಿದ್ದಳು. ಅವಳಿಗೆ ಸಂಬಳವಿಲ್ಲದ ಆ ದಿನಗಳಲ್ಲಿ ಕರಿಮೆಣಸಿನ ಚೀಲಗಳ ಲೆಕ್ಕವನ್ನೂ ಚೆಕ್‌ರೋಲನ್ನೂ ಬರೆಯುವ ಕೆಲಸ ಕೊಡಿಸಿದ್ದೆ. ವಾರಕ್ಕೊಮ್ಮೆ ಬಟವಾಡೆಯಿದೆ. ಮೂಲ ಅಂಕಪಟ್ಟಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮುಖ್ಯಸ್ಥರನ್ನು ಕಂಡೊಡನೆ ಅವಳು ಎದ್ದು ನಿಂತು, "ನಮಸ್ಕಾರ ಸರ್" ಎಂದಳು. ಮೂರು ನೇಮಕ ಪತ್ರಗಳಿಗೂ ಸಹಿ ಹಾಕಿದವರು ಅವರೇ. ಅವರಿಗೆ ಗುರುತು ಸಿಗಲಿಲ್ಲ. ಆದರೆ ಪುಸ್ತಕದ ಮೇಲೆ ಬಗ್ಗಿ ನೋಡಿ, ಎಷ್ಟು ಅಚ್ಚುಕಟ್ಟಾದ ಬರವಣಿಗೆ ಎಂದು ಮನಸಾರೆ ಮೆಚ್ಚಿದರು, ಎಲ್ಲಿಯವರೆಗೆ ಓದಿದ್ದೀಯಮ್ಮ ಎಂದು ವಿಚಾರಿಸಿದರು. ಅವಳು ಹೇಳಿದಳು. ಅವರು ಅತೀವ ಸಂತೋಷದಿಂದ ತಮ್ಮ ವಿಳಾಸದ ಚೀಟಿಯನ್ನು ಕೊಟ್ಟು, ಜುಲೈನಲ್ಲಿ ತಮ್ಮಲ್ಲಿ ಹೊಸ ನೇಮಕಾತಿ ಇದೆಯೆಂದೂ, ಇಂಥ ಪ್ರತಿಭೆ ತೋಟದಲ್ಲಿ ವ್ಯರ್ಥವಾಗಬಾರದೆಂದೂ ಹೇಳಿದರು.

"ನೌಕರಿ ಸಂಖ್ಯೆ ಹೇಳಿದ್ದರೆ ಗುರುತು ಸಿಗುತ್ತಿತ್ತೇನೋ, ರೈಟ್ರೇ" ಎಂದು ಅವಳು ಕಾರುಗಳು ಗೇಟು ದಾಟಿದ ಮೇಲೆ ನನಗೆ ಹೇಳಿದಳು. ಆ ಚೀಟಿಯನ್ನು ಗುರುತಿಗೆಂದು ಚೆಕ್‌ರೋಲಿನ ಹಾಳೆಗಳ ನಡುವೆ ಇಟ್ಟು, ಅಂದಿನ ಹಾಜರಿಯನ್ನು ಬರೆದು ಮುಗಿಸಿದಳು. ಸಂಜೆ ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಗಂಡಾಳು ಎಂಟು, ಮರಗಸಿ. ಹೆಣ್ಣಾಳು ಹದಿಮೂರು, ಕಳೆ. ಅದರ ಕೆಳಗೆ ಅವಳದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು: ಬಂಗಲೆಯವರು ಹನ್ನೆರಡು, ಮೂರು ದಿನ, ಕೆಲಸ ಇಲ್ಲ, ಊಟ ಆಗಿದೆ.